ನಡು ಖಾಲಿ ಬಿಟ್ಟ ಫೋಟೊಗಳು

ತೈಚುಂಗ್
ಮಾರ್ಚ್ 6, 2023

ತಮ್ಮ ವೂ-ಶಾನ್‌ಗೆ,

ನಾವೆಲ್ಲ ಕ್ಷೇಮ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಷಡ್ಡಕರು ನಾವಿಬ್ಬರೂ ಎರಡು ಮಾತಾಡುವಷ್ಟರಲ್ಲಿ ಅಕ್ಕತಂಗಿಯರು ಫೋನು ಕಿತ್ತುಕೊಳ್ಳುತ್ತಾರೆ. ಆಮೇಲೆ ಸಂಜೆಯವರೆಗೂ ಅದು ನಮ್ಮ ಕೈಗೆ ಬರುವುದಿಲ್ಲ. ಅದಕ್ಕೇ ಈ ಪತ್ರ. ಭೂಮಾಪನ ಇಲಾಖೆಯಲ್ಲಿ ಬರೆದು ಬರೆದು ಸವೆದ ಕೈ ನನ್ನದು, ಬರೆಯದೆ ಸುಮ್ಮನಿದ್ದರೆ ನೋಯುತ್ತದೆ.

ನಮ್ಮ ಬಡಾವಣೆಯ ಕಲಿಕಾ ಕೇಂದ್ರದಲ್ಲಿ ‘ವಾರಕ್ಕೊಂದು’ ಎಂಬ ಫೋಟೊ ಕೂಟ ಶುರುವಾಗಿದೆ. ಸೋಮವಾರ ಫಾಂಗ್ ಟೀಚರ್ ಒಂದು ವಿಷಯ ಕೊಡುತ್ತಾರೆ. ಭಾನುವಾರದೊಳಗೆ ಅದರ ಮೇಲೆ ಒಂದು ಫೋಟೊ ತೆಗೆದು ಕೂಟದ ಪುಟಕ್ಕೆ ಹಾಕಬೇಕು. ಆಮೇಲೆ ಒಬ್ಬರ ಫೋಟೊಗೆ ಇನ್ನೊಬ್ಬರು ಅಭಿಪ್ರಾಯ ಬರೆಯಬೇಕು. ಮೆಚ್ಚಿದ್ದು ಒಂದು, ಕೊರೆ ಎಂದು ಕಂಡ ಕುಂದು ಒಂದು. ಬರೀ ಹೊಗಳುವಂತಿಲ್ಲ, ಬರೀ ತೆಗಳುವಂತಿಲ್ಲ. ವಾರದ ಒಳ್ಳೆಯ ಫೋಟೊವನ್ನು ಟೀಚರ್ ಪುಟದ ತಲೆಯ ಮೇಲೆ ಇಡುತ್ತಾರೆ. ಡಿಸೆಂಬರಿನಲ್ಲಿ ಗ್ರಂಥಾಲಯದ ಗೋಡೆಯ ಮೇಲೆ ಪ್ರದರ್ಶನ. ಬಾಗಿಲಿಗೆ ಎದುರಾದ ಗೋಡೆ ಯಾರಿಗೆ ಸಿಗುತ್ತದೋ ನೋಡಬೇಕು.

ದೂರದೂರಿನವರೂ ಸೇರಬಹುದು. ನೀನೂ ಸೇರು. ಸೀತಾಫಲದ ತೋಟದಲ್ಲಿ ಒಬ್ಬನೇ ಓಡಾಡಿಕೊಂಡಿರುವವನಿಗೆ ಹೊತ್ತು ಹೋಗುತ್ತದೆ. ನನ್ನ ಹಳೆಯ ಕ್ಯಾಮೆರಾವನ್ನು ಪಾರ್ಸೆಲ್ ಮಾಡಿದ್ದೇನೆ. ಹೆದರಬೇಡ, ತಪ್ಪನ್ನೆಲ್ಲ ನಾನು ತಿದ್ದುತ್ತೇನೆ.

ನಿನ್ನ ಅಣ್ಣ,
ಚಿಂಗ್-ಯುವಾನ್


ತೈತುಂಗ್
ಮಾರ್ಚ್ 21, 2023

ಅಣ್ಣನಿಗೆ,

ಕ್ಯಾಮೆರಾ ತಲುಪಿತು. ಜತೆಗೆ ನೀವು ಬರೆದು ಕಳಿಸಿದ ಸೂಚನೆಗಳೂ ತಲುಪಿದವು. ಕ್ಯಾಮೆರಾಕ್ಕಿಂತ ಅವುಗಳ ಭಾರವೇ ಹೆಚ್ಚು.

‘ಬಾಗಿಲು’ ಎಂಬ ವಿಷಯಕ್ಕೆ ಕೋಳಿಗೂಡಿನ ಬಾಗಿಲು ತೆಗೆದೆ. ಕ್ಲಿಕ್ ಮಾಡುವ ಹೊತ್ತಿಗೆ ಸರಿಯಾಗಿ ಕೋಳಿ ತಿರುಗಿ ನಿಂತಿತು. ಕೂಟದವರೆಲ್ಲ ನಕ್ಕಿದ್ದಾರೆ. “ಬಾಗಿಲಿಗಿಂತ ಹಿಂಬಾಗಿಲೇ ಚೆನ್ನಾಗಿ ಬಂದಿದೆ” ಎಂದು ಒಬ್ಬರು ಬರೆದಿದ್ದರು. ನೀವು ಮಾತ್ರ “ಚೌಕಟ್ಟು ಎಡಕ್ಕೆ ವಾಲಿದೆ” ಎಂದು ಬರೆದಿರಿ. ವಾಲಿದ್ದು ಗೂಡೇ ಅಣ್ಣ. ಹೋದ ವರ್ಷದ ಬಿರುಗಾಳಿಯಿಂದ ಅದು ಹಾಗೇ ನಿಂತಿದೆ.

ನಿಮ್ಮ ನಾದಿನಿ ಪೀ-ಯುನ್‌ಗೆ ಬಹಳ ಖುಷಿ. “ಭಾವ ನಿನ್ನನ್ನ ಲೆಕ್ಕಕ್ಕೆ ಹಿಡಿದು ಕರೆದಿದ್ದಾರಲ್ಲ, ಮರ್ಯಾದೆ ಕಳೀಬೇಡ” ಅಂದಳು. ಕಳೆಯದ ಹಾಗೆ ನೋಡಿಕೊಳ್ಳುತ್ತೇನೆ.

ನಿಮ್ಮ ತಮ್ಮ,
ವೂ-ಶಾನ್


ತೈಚುಂಗ್
ಏಪ್ರಿಲ್ 17, 2023

ತಮ್ಮ ವೂ-ಶಾನ್‌ಗೆ,

ಸಮಾಧಿ ಪೂಜೆಗೆ ಈ ಸಲ ನೀವಿಬ್ಬರೂ ಬರಲಿಲ್ಲ. ಹ್ವಾಲಿಯೆನ್‌ಗೆ ಹೋಗಬೇಕಿತ್ತಂತೆ, ಏನೋ ಕೆಲಸವಂತೆ. ಮಾವನವರ ಸಮಾಧಿಯ ಸುತ್ತ ಹುಲ್ಲು ಕೀಳಲು ನಾನೊಬ್ಬನೇ ಸಿಕ್ಕಿದೆ. ಇರಲಿ. ಬದುಕಿದ್ದಾಗಲೂ ಅವರು ಕೆಲಸಕ್ಕೆ ನನ್ನನ್ನು, ಜತೆಗೆ ಕೂತು ಕುಡಿಯಲು ನಿನ್ನನ್ನು ಕರೆಯುತ್ತಿದ್ದರು.

ನೋಡಿರಬಹುದು, ‘ತುಂಬಿದ್ದು’ ಎಂಬ ವಿಷಯಕ್ಕೆ ನನ್ನ ಫೋಟೊ ಪುಟದ ತಲೆಯ ಮೇಲೆ ಕೂತಿದೆ. ಹಳೇ ಬೀದಿಯ ಕಬ್ಬಿಣದ ಸಾಮಾನಿನ ಅಂಗಡಿ. ಬೆಳಿಗ್ಗೆ ಬಿಸಿಲು ಒಳಗೆ ಬೀಳುವ ಹೊತ್ತನ್ನು ಗುರುತು ಹಾಕಿಕೊಂಡು, ಮುಕ್ಕಾಲಿಯ ಮೇಲೆ ಕ್ಯಾಮೆರಾ ಇಟ್ಟು ತೆಗೆದದ್ದು. ಒಂದೊಂದು ಮೊಳೆಯೂ ಎಣಿಸುವ ಹಾಗಿದೆ. “ಇಷ್ಟು ತಾಳ್ಮೆಯ ಕಣ್ಣು ಅಪರೂಪ” ಎಂದರು ಫಾಂಗ್ ಟೀಚರ್. ಅದನ್ನು ಶ್ಯೂ-ಚಿನ್‌ಗೆ ಓದಿ ಹೇಳಿದೆ. “ಹೌದು ಮತ್ತೆ, ಸಾರಿನಲ್ಲಿ ಕೂದಲು ಹುಡುಕೋ ಕಣ್ಣಲ್ಲವಾ” ಅಂದಳು. ನನ್ನ ಹೆಂಡತಿಯಿಂದ ಹೊಗಳಿಕೆ ಎಂದರೆ ಇಷ್ಟೇ.

ನಿನಗೊಂದು ಬುದ್ಧಿಮಾತು. ನಿನ್ನ ಫೋಟೊಗಳು ಅಲ್ಲಲ್ಲಿ ಮಬ್ಬಾಗುತ್ತಿವೆ. ಉಸಿರು ಹಿಡಿದು ಕ್ಲಿಕ್ ಮಾಡು. ತೋರಿಸಬೇಕಾದ್ದನ್ನು ನಡುವಿಗೆ ತಂದುಕೋ. ಮಿಕ್ಕದ್ದು ನಿಧಾನಕ್ಕೆ ಬರುತ್ತದೆ.

ಚಿಂಗ್-ಯುವಾನ್


ತೈತುಂಗ್
ಮೇ 16, 2023

ಅಣ್ಣನಿಗೆ,

ನಿಮ್ಮ ಅಂಗಡಿಯ ಫೋಟೊ ನೋಡಿದೆ. ಬಹಳ ಹೊತ್ತು ನೋಡಿದೆ. ಪೀ-ಯುನ್ ಊಟಕ್ಕೆ ಕರೆದು ಕರೆದು ಸಾಕಾಗಿ ತಾನು ಉಂಡು ಎದ್ದಳು.

ನನಗೂ ಒಂದು ಆಶ್ಚರ್ಯ ನಡೆಯಿತು. ‘ಕಾಯುವವರು’ ವಿಷಯಕ್ಕೆ ನಾನು ಹಾಕಿದ್ದು ನಮ್ಮ ಸ್ಟೇಷನ್ನಿನ ಫೋಟೊ. ಪೀ-ಯುನ್ ಚೀಲ ಹಿಡಿದು ರೈಲಿಗೆ ಕಾಯುತ್ತಿದ್ದಳು. ಅವಳು ಚಿತ್ರದ ಅಂಚಿಗೆ ಹೋಗಿಬಿಟ್ಟಿದ್ದಾಳೆ. ನಡುವೆ ಏನೂ ಇಲ್ಲ, ಬರೀ ಪ್ಲಾಟ್‌ಫಾರಂ. ಕೆಟ್ಟುಹೋಯಿತೆಂದು ಅಂದುಕೊಂಡೇ ಹಾಕಿದೆ. ಟೀಚರ್ ಅದನ್ನು ತಲೆಯ ಮೇಲೆ ಇಟ್ಟರು. ನಡುವಿನ ಆ ಖಾಲಿಯೇ ಕಾಯುವಿಕೆಯಂತೆ. ನನಗೆ ಹಾಗೆಲ್ಲ ತೋಚಿರಲಿಲ್ಲ. ಅವರು ಹೇಳಿದ ಮೇಲೆ ಹೌದಲ್ಲ ಅನ್ನಿಸಿತು.

ನಿಮ್ಮ ಮಾತು ಮೀರಿ ಅಂಚಿಗೆ ತಳ್ಳಿದೆ. ಬೇಜಾರಾಗಬೇಡಿ.

ವೂ-ಶಾನ್


ತೈಚುಂಗ್
ಮೇ 29, 2023

ತಮ್ಮ ವೂ-ಶಾನ್‌ಗೆ,

ಅಭಿನಂದನೆ. ನನಗೆ ಬಹಳ ಸಂತೋಷವಾಗಿದೆ.

ಕೂಟದ ಪುಟದಲ್ಲಿ ನಾನು “ಮುಖ ಸ್ಪಷ್ಟವಿಲ್ಲ” ಎಂದು ಬರೆದದ್ದಕ್ಕೆ ಹೊಟ್ಟೆಕಿಚ್ಚು ಎಂದು ಯಾರಾದರೂ ತಿಳಿದರೆ ಅದು ಅವರ ಬುದ್ಧಿ. ಕೊರೆ ಒಂದು ಬರೆಯಬೇಕೆಂಬುದು ನಿಯಮ, ಬರೆದೆ. ಅದರ ಕೆಳಗೆ ಆ ದಂತವೈದ್ಯೆ ಶ್ರೀಮತಿ ಕೋ “ಮುಖ ಕಾಣದಿರುವುದರಿಂದಲೇ ಎಲ್ಲರ ಮುಖವೂ ಆಗಿದೆ” ಎಂದು ನನಗೇ ಪಾಠ ಹೇಳಿದರು. ಇದೇ ಮಹಾತಾಯಿ ನನ್ನ ಅಂಗಡಿಯ ಫೋಟೊಗೆ “ಅಚ್ಚುಕಟ್ಟು” ಎಂದು ಒಂದೇ ಒಂದು ಪದ ಬರೆದಿದ್ದರು.

ಮನೆಯಲ್ಲೂ ಇದೇ ಗೋಳು. ಬೆಳಿಗ್ಗೆ ಸೋಯಾ ಹಾಲು ಕುಡಿಯುತ್ತ ಶ್ಯೂ-ಚಿನ್ ನಿನ್ನ ಫೋಟೊ ತೆರೆದು ಕೂತಳು.

“ನೋಡ್ರಿ, ನನ್ನ ತಂಗಿ ಎಷ್ಟು ಚೆಂದ ಬಂದಿದ್ದಾಳೆ.”

“ಮುಖವೇ ಕಾಣಲ್ವಲ್ಲೇ.”

“ಅವಳು ನಿಂತಿರೋ ರೀತಿ ಗೊತ್ತಾಗುತ್ತೆ. ಮನಸ್ಸಿಟ್ಟು ತೆಗೆದಿದ್ದಾನೆ. ನೀವು ನನ್ನದೊಂದು ತೆಗೆದಿದ್ದೀರಾ? ಮೊಳೆ ಅಂಗಡಿ ತೆಗೀತೀರ.”

ಮರುದಿನ ಅವಳ ಫೋಟೊ ತೆಗೆಯಲು ಹೋದೆ. ಗಲ್ಲ ಮೇಲೆತ್ತು, ಭುಜ ಇಳಿಸು ಎಂದು ಹೇಳುತ್ತಿರುವಾಗಲೇ ಎದ್ದು ಹೋದಳು.

ಇನ್ನೊಂದು ಮಾತು. ಈಚೆಗೆ ನಿನ್ನ ಅಕ್ಷರಗಳು ಕುಂಬಳಕಾಯಿಯ ಗಾತ್ರ ಆಗುತ್ತಿವೆ. ಹಾಳೆಗೆ ಆರೇಳು ಸಾಲು. ಹೆಸರು ಬಂದವರು ಹೀಗೆ ಬರೆಯಬೇಕೆಂದು ಯಾರಾದರೂ ಹೇಳಿದರೇನು?

ಚಿಂಗ್-ಯುವಾನ್


ತೈತುಂಗ್
ಜುಲೈ 4, 2023

ಅಣ್ಣನಿಗೆ,

ಅತ್ತಿಗೆ ಕಳಿಸಿದ ಬಿದಿರೆಲೆಯ ಕಡುಬು ಮುಗಿದು ವಾರವಾಯಿತು. ಕಡಲೆಕಾಯಿ ಹಾಕಿದ್ದು ಇನ್ನೂ ನಾಲ್ಕು ಇದ್ದಿದ್ದರೆ ಚೆನ್ನಾಗಿತ್ತು.

ತೋಟದಲ್ಲಿ ಹೂವಿನ ಕಾಲ. ಹೂವಿನಿಂದ ಹೂವಿಗೆ ಕುಂಚದಲ್ಲಿ ಪರಾಗ ಮುಟ್ಟಿಸುವ ಕೆಲಸವನ್ನು ಈ ವರ್ಷ ಪೀ-ಯುನ್‌ಗೆ ಬಿಟ್ಟಿದ್ದೇನೆ. ನಾನು ಬುಟ್ಟಿ ಹಿಡಿದು ಹಿಂದೆ ಓಡಾಡುತ್ತೇನೆ. “ಯಜಮಾನ್ರು ಈಗ ಕಲಾವಿದರು” ಎಂದು ಪಕ್ಕದ ತೋಟದವರು ರೇಗಿಸುತ್ತಾರೆ.

‘ಬಿಸಿ’ ವಿಷಯದ ಫೋಟೊವನ್ನೂ ಟೀಚರ್ ತಲೆಯ ಮೇಲೆ ಇಟ್ಟಿದ್ದಾರೆ. ನೀವು ಆಗಲೇ ನೋಡಿರುತ್ತೀರಿ.

ಒಂದು ಕೇಳಬೇಕಿತ್ತು. ನಿಮ್ಮ ಆ ಅಂಗಡಿಯ ಫೋಟೊದಲ್ಲಿ ಮೇಲಿನ ಸಾಲಿನಲ್ಲಿ ಏನೇನು ನೇತು ಹಾಕಿದ್ದಾರೆ? ಕೆಳಗೆ ಕೂತ ಮುದುಕನ ಕೈಯಲ್ಲಿರುವುದು ಏನು? ಪುರುಸೊತ್ತಾದಾಗ ಬರೆಯಿರಿ.

ವೂ-ಶಾನ್


ತೈಚುಂಗ್
ಆಗಸ್ಟ್ 8, 2023

ವೂ-ಶಾನ್‌ಗೆ,

ನನ್ನ ಫೋಟೊದಲ್ಲಿ ಏನಿದೆ ಎಂದು ನನ್ನನ್ನೇ ಕೇಳುತ್ತೀಯ. ಒಂದೊಂದು ಮೊಳೆ ಕಾಣುವ ಫೋಟೊ ಅದು. ಏನೂ ಕಾಣಲಿಲ್ಲ ಎಂದು ಕುಟುಕುವ ರೀತಿ ಇದು ಎಂದು ಗೊತ್ತಾಗದಷ್ಟು ದಡ್ಡನಲ್ಲ ನಾನು. ನೀನು ಮೊದಲು ಹೀಗಿರಲಿಲ್ಲ.

ಕೇಳಿ ನಗು, ಇದನ್ನೂ ಹೇಳಿಬಿಡುತ್ತೇನೆ. ಹೋದ ತಿಂಗಳು ಹೊಸ ಲೆನ್ಸ್ ಕೊಂಡೆ. ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದೇನೆ, ಶ್ಯೂ-ಚಿನ್‌ಗೆ ತಿಳಿಯದು. ‘ಒಂಟಿ’ ವಿಷಯ ಬಂದಾಗ ಬಸ್ ನಿಲ್ದಾಣಕ್ಕೆ ಹೋದೆ. ಒಬ್ಬ ಮುದುಕಿ ಕೂತಿದ್ದಳು. ನಿಯಮದ ಪ್ರಕಾರ ಅವಳನ್ನು ಎಲ್ಲಿ ಇಡಬೇಕೋ ನನಗೆ ಗೊತ್ತು. ಆದರೂ ಅಂಚಿಗೆ ಇಟ್ಟೆ. ನಡುವನ್ನು ಖಾಲಿ ಬಿಟ್ಟೆ. ಬೇಕೆಂದೇ ಸ್ವಲ್ಪ ಮಬ್ಬು ಮಾಡಿದೆ. ಒಂದು ಇಡೀ ಮಧ್ಯಾಹ್ನ ಬಿಸಿಲಲ್ಲಿ ನಿಂತು ಮಬ್ಬು ಮಾಡಿದೆ.

ಫಾಂಗ್ ಟೀಚರ್ ಎಲ್ಲರಿಗೂ ಕಾಣುವಂತೆ ಏನು ಬರೆದರು ಗೊತ್ತೇ? “ಚಿಂಗ್-ಯುವಾನ್‌ರವರೇ, ಇದು ವೂ-ಶಾನ್‌ರ ಫೋಟೊದ ಹಾಗಿದೆ. ನೀವು ನಿಮ್ಮ ಫೋಟೊ ತೆಗೆಯಿರಿ.”

ನಿನ್ನನ್ನು ಈ ಕೂಟಕ್ಕೆ ಕರೆತಂದವನು ನಾನು. ಆ ಕ್ಯಾಮೆರಾ ನನ್ನದು. ಅದನ್ನು ಹಿಡಿಯುವುದು ಹೇಗೆಂದು ಬರೆದು ಕಳಿಸಿದವನೂ ನಾನೇ. ಈಗ ನಾನು ನಿನ್ನ ನಕಲಂತೆ.

ಚಿಂಗ್-ಯುವಾನ್


ತೈತುಂಗ್
ಆಗಸ್ಟ್ 24, 2023

ಅಣ್ಣನಿಗೆ,

ನಾನು ಕುಟುಕಲಿಲ್ಲ. ಕೇಳಿದ್ದು ನಿಜವಾಗಿಯೇ.

ನಿಮ್ಮ ಹಾಗೆ ತೆಗೆಯಲು ಬಂದಿದ್ದರೆ ನಾನು ಹೀಗೆ ತೆಗೆಯುತ್ತಿರಲಿಲ್ಲ. ಇಷ್ಟು ಮಾತ್ರ ನಂಬಿ.

ವೂ-ಶಾನ್


ತೈಚುಂಗ್
ಸೆಪ್ಟೆಂಬರ್ 18, 2023

ವೂ-ಶಾನ್‌ಗೆ,

ಗೆದ್ದವರು ಸೋತವರಿಗೆ ಹೇಳುವ ವಿನಯದ ಮಾತು ನನಗೆ ಬೇಡ.

ಈಗ ನನಗೆ ಎಲ್ಲ ಗೊತ್ತಾಗಿದೆ. ಶನಿವಾರ ಶ್ಯೂ-ಚಿನ್ ನಿಮ್ಮ ಮನೆಗೆ ಫೋನು ಮಾಡಿದಾಗ ಪೀ-ಯುನ್ ಮಾತು ಮುಗಿಸಿ ಫೋನನ್ನು ಜೇಬಿಗೆ ಹಾಕಿಕೊಂಡಳು. ಆದರೆ ಫೋನು ಕಟ್ಟಾಗಿರಲಿಲ್ಲ. ಇವಳು ಸ್ಪೀಕರ್ ಹಾಕಿದ್ದಳು, ನಾನೂ ಕೇಳಿದೆ.

“ಎಡಕ್ಕೆ. ಇನ್ನೂ ಎಡಕ್ಕೆ. ಸಾಕು ಸಾಕು. ಅವನ ಟೋಪಿ ಬಂತು. ಈಗ ಒತ್ತು.”

ಅದು ನಿನ್ನ ಹೆಂಡತಿಯ ದನಿ. ಹಾಗಾದರೆ ಅಂಚು, ಖಾಲಿ, ಮನಸ್ಸು ಇವೆಲ್ಲ ಯಾರ ಕಣ್ಣು? ಒತ್ತುವ ಬೆರಳು ಮಾತ್ರ ನಿನ್ನದು. ಪೀ-ಯುನ್ ಒಳ್ಳೆಯವಳು, ಅವಳೇ ಕೂಟಕ್ಕೆ ಸೇರಿದ್ದರೆ ಕೈಮುಗಿದು ಒಪ್ಪುತ್ತಿದ್ದೆ. ಹೆಂಡತಿಯ ಕಣ್ಣನ್ನು ತನ್ನದೆಂದು ತೋರಿಸಿ ಹೊಗಳಿಸಿಕೊಳ್ಳುವುದು ಗಂಡಸಿಗೆ ಲಕ್ಷಣವಲ್ಲ.

ನಾನು ಹಿಂದಿನಿಂದ ಆಡುವವನಲ್ಲ. ಇದನ್ನು ಕೂಟದ ಪುಟದಲ್ಲೂ ಬರೆದಿದ್ದೇನೆ. “ನಮ್ಮಲ್ಲಿ ಒಬ್ಬರ ಫೋಟೊಗಳನ್ನು ಬೇರೆಯವರು ತೆಗೆಯುತ್ತಿದ್ದಾರೆ” ಎಂದಷ್ಟೇ ಬರೆದೆ. ಹೆಸರು ಹಾಕಲಿಲ್ಲ. ಎಲ್ಲರಿಗೂ ಅರ್ಥವಾಗಿದೆ.

ಚಿಂಗ್-ಯುವಾನ್


ತೈಚುಂಗ್
ಅಕ್ಟೋಬರ್ 11, 2023

ವೂ-ಶಾನ್‌ಗೆ,

ಹುಣ್ಣಿಮೆ ಹಬ್ಬ ಕಳೆಯಿತು. ಪ್ರತಿ ವರ್ಷ ನಿಮ್ಮಿಂದ ಚಕ್ಕೋತದ ಪೆಟ್ಟಿಗೆ ಬರುತ್ತಿತ್ತು, ಈ ವರ್ಷ ಬರಲಿಲ್ಲ. ಚಕ್ಕೋತಕ್ಕಾಗಿ ಬರೆಯುತ್ತಿಲ್ಲ. ಬೀದಿಯವರೆಲ್ಲ ಮನೆ ಮುಂದೆ ಒಲೆ ಹಚ್ಚಿ ಮಾಂಸ ಸುಡುತ್ತಿದ್ದರು. ಶ್ಯೂ-ಚಿನ್ ಹೊರಗೇ ಬರಲಿಲ್ಲ. ತಂಗಿ ಫೋನು ಎತ್ತುತ್ತಿಲ್ಲವಂತೆ. “ನೀವೇ ಏನೋ ಮಾಡಿದ್ದೀರ” ಎನ್ನುತ್ತಾಳೆ. ನಾನು ಏನೂ ಮಾಡಿಲ್ಲ ಎಂದೆ.

ಮೂರು ವಾರದಿಂದ ನೀನು ಫೋಟೊನೂ ಹಾಕಿಲ್ಲ. ಸುಳ್ಳಾಗಿದ್ದರೆ ಸುಳ್ಳು ಎಂದು ಹೇಳಬಹುದಿತ್ತು.

ಈ ವಾರ ನನ್ನ ಫೋಟೊ ತಲೆಯ ಮೇಲಿದೆ. ಅಂಥ ಒಳ್ಳೆಯ ಫೋಟೊ ಏನಲ್ಲ.

ಚಿಂಗ್-ಯುವಾನ್


ತೈತುಂಗ್
ಅಕ್ಟೋಬರ್ 23, 2023

ಅಣ್ಣನಿಗೆ,

ದಪ್ಪ ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ಹಾಳೆ ಜಾಸ್ತಿ ಆಗುತ್ತದೆ. ಕುಂಬಳಕಾಯಿ ಎಂದು ಬೈಯಬೇಡಿ. ಸಣ್ಣದಾಗಿ ಬರೆದರೆ ನಾನು ಬರೆದದ್ದು ನನಗೇ ಕಾಣುವುದಿಲ್ಲ.

ನನ್ನ ಎರಡು ಕಣ್ಣಿನ ನಡುಭಾಗವೂ ಹೋಗುತ್ತಿದೆ. ಏಪ್ರಿಲಿನಲ್ಲಿ ಹ್ವಾಲಿಯೆನ್ ಆಸ್ಪತ್ರೆಯಲ್ಲಿ ಹೇಳಿದರು. ನಾವು ಸಮಾಧಿ ಪೂಜೆಗೆ ಬರದೆ ಹೋಗಿದ್ದು ಅದಕ್ಕೇ. ಪೀ-ಯುನ್ ಸ್ಟೇಷನ್ನಿನಲ್ಲಿ ಚೀಲ ಹಿಡಿದು ನಿಂತಿದ್ದದ್ದೂ ಇನ್ನೊಂದು ಸಲ ಅಲ್ಲಿಗೇ ಹೊರಟಾಗ. ಕಣ್ಣಿಗೇ ಸೂಜಿ ಚುಚ್ಚುತ್ತಾರೆ. ಹೋಗುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ.

ಹೇಗೆಂದರೆ, ನಟ್ಟನಡುವೆ ಒಂದು ಕಲೆ. ನಾನು ಏನನ್ನು ನೋಡಬೇಕೆನ್ನುತ್ತೇನೋ ಅದು ಅದರ ಮೇಲೆಯೇ ಹೋಗಿ ಕೂರುತ್ತದೆ. ಸುತ್ತ ಮಾತ್ರ ಕಾಣುತ್ತದೆ. ಪೀ-ಯುನ್ ಮುಖ ನೋಡಬೇಕಾದರೆ ಅವಳ ಕಿವಿಯ ಆಚೆಗೆ ನೋಡಬೇಕು. “ಯಾರನ್ನ ನೋಡ್ತಿದ್ದೀಯ, ನಾನು ಇಲ್ಲಿದ್ದೀನಿ” ಎಂದು ಮೊದಮೊದಲು ನಗುತ್ತಿದ್ದಳು. ಈಗ ನಗುವುದಿಲ್ಲ.

ಅದಕ್ಕೇ ಎಲ್ಲವೂ ಅಂಚಿಗೆ ಹೋಗುವುದು. ಅವಳು ಎಡ ಬಲ ಹೇಳುತ್ತಾಳೆ, ನಿಜ. ಹೇಳದಿದ್ದರೆ ಕಾಲುವೆಗೆ ಬೀಳುತ್ತೇನೆ. ಆದರೆ ಯಾವಾಗ ಒತ್ತಬೇಕು, ಯಾವುದನ್ನು ಇಟ್ಟುಕೊಳ್ಳಬೇಕು, ಅದು ನನ್ನದು. ಅವಳು ಒತ್ತು ಎಂದಾಗ ನಾನು ಎಷ್ಟೋ ಸಲ ಒತ್ತಿಲ್ಲ. ಅದಕ್ಕೆ ಜಗಳವೂ ಆಗಿದೆ.

ನಿಮಗೆ ಹೇಳದಿರಲು ಕಾರಣ ಹೇಳುತ್ತೇನೆ. ಅತ್ತಿಗೆಗೆ ತಿಳಿದರೆ ಊರಿಗೇ ತಿಳಿಯುತ್ತದೆ, ಅದೊಂದು. ಇನ್ನೊಂದು, ನನಗೆ ನಿಮ್ಮ ಮೇಲೆ ಹೊಟ್ಟೆ ಉರಿಯುತ್ತಿತ್ತು. ನೀವು ಪುಟದ ತಲೆಯ ಮೇಲೆ ಕೂರುವುದಕ್ಕಲ್ಲ. ನಿಮ್ಮ ಆ ಅಂಗಡಿಗೆ. ಭೂತಗನ್ನಡಿ ಹಿಡಿದು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಗುವಷ್ಟರಲ್ಲಿ ಮೊದಲು ನೋಡಿದ್ದು ಮರೆತುಹೋಗುತ್ತದೆ. ನಿಮಗೆ ಅದೆಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಸಿಕ್ಕಿದ ಮೇಲೂ ನೀವು ನನ್ನ ಮಬ್ಬು ಫೋಟೊ ನೋಡಿ ಕೊರಗುತ್ತೀರಿ. ಓದಿದಾಗೆಲ್ಲ ಸಿಟ್ಟು ಬರುತ್ತಿತ್ತು, ಒಂದು ಥರ ಸಮಾಧಾನವೂ ಆಗುತ್ತಿತ್ತು. ಕಣ್ಣಿದ್ದವನು ನನ್ನ ಮೇಲೆ ಕರುಬುತ್ತಾನಲ್ಲ ಎಂದು.

ಪೀ-ಯುನ್ ನಿಮ್ಮ ಮೇಲೆ ಕೆಂಡವಾಗಿದ್ದಾಳೆ. ಸದ್ಯಕ್ಕೆ ಫೋನು ಮಾಡಬೇಡಿ.

ವೂ-ಶಾನ್


ತೈಚುಂಗ್
ಅಕ್ಟೋಬರ್ 30, 2023

ತಮ್ಮ ವೂ-ಶಾನ್,

ನಿನ್ನ ಪತ್ರವನ್ನು ಶ್ಯೂ-ಚಿನ್‌ಗೆ ಓದಿ ಹೇಳಲು ಹೋದೆ, ಆಗಲಿಲ್ಲ. ಅವಳೇ ಕಿತ್ತುಕೊಂಡು ಓದಿದಳು. ಆಮೇಲೆ ಎರಡು ದಿನ ನನ್ನ ಜತೆ ಊಟಕ್ಕೆ ಕೂರಲಿಲ್ಲ. ಅನ್ನ ಬಡಿಸಿ ಒಳಗೆ ಹೋಗುತ್ತಿದ್ದಳು.

ಕ್ಷಮಿಸು ಎಂದು ಬರೆದರೆ ಬಹಳ ಸಣ್ಣದಾಗುತ್ತದೆ. ನನ್ನ ಕೈಲಾದದ್ದು ಮಾಡಿದ್ದೇನೆ. ಕೂಟದ ಪುಟದಲ್ಲಿ ಎಲ್ಲವನ್ನೂ ಬರೆದೆ. ನಾನು ಆಡಿದ್ದು ತಪ್ಪು, ವೂ-ಶಾನ್‌ಗೆ ಹೀಗೆ ಕಣ್ಣಿನ ಕಾಯಿಲೆ, ಆದರೂ ಅಂಥ ಫೋಟೊ ತೆಗೆಯುತ್ತಾನೆ, ಅವನ ಕಾಲಿನ ಧೂಳಿಗೂ ನಾನು ಸಮನಲ್ಲ ಎಂದು. ಇಡೀ ಕೂಟ ಕಣ್ಣೀರು ಹಾಕಿದೆ. ಶ್ರೀಮತಿ ಕೋ ಕ್ಲಿನಿಕ್ಕಿನಲ್ಲಿ ರೋಗಿಯ ಬಾಯಿ ತೆರೆಸಿ ಕೂರಿಸಿ ಅತ್ತರಂತೆ. ಬಾಗಿಲ ಎದುರಿನ ಗೋಡೆ ನಿನಗೇ ಎಂದು ಟೀಚರ್ ತೀರ್ಮಾನಿಸಿದ್ದಾರೆ.

ಮತ್ತೆ ಫೋಟೊ ಹಾಕು. ಎಲ್ಲರೂ ಕಾಯುತ್ತಿದ್ದಾರೆ.

ನಿನ್ನ ಅಣ್ಣ,
ಚಿಂಗ್-ಯುವಾನ್


ತೈತುಂಗ್
ನವೆಂಬರ್ 14, 2023

ಅಣ್ಣನಿಗೆ,

ನೀವು ನನ್ನನ್ನು ಕಳ್ಳ ಎಂದು ಬರೆದಾಗ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಈಗ ಬಂದಿದೆ.

ಯಾರನ್ನು ಕೇಳಿ ಬರೆದಿರಿ? ನನ್ನ ಕಣ್ಣು, ನನ್ನ ಕಾಯಿಲೆ. ನಿಮ್ಮ ಮನಸ್ಸು ಹಗುರ ಮಾಡಿಕೊಳ್ಳಲು ಅದನ್ನು ತೆಗೆದು ಬೀದಿಯಲ್ಲಿಟ್ಟಿರಿ.

ನಿಮ್ಮ ಮಾತಿನ ಮೇಲೆ ಎರಡು ವಾರ ಫೋಟೊ ಹಾಕಿದೆ. ಮೊದಲನೆಯದಕ್ಕೆ ಎಲ್ಲರೂ “ಅದ್ಭುತ”. ಅದು ಅದ್ಭುತವಾಗಿರಲಿಲ್ಲ. ಎರಡನೆಯದು ಬೇಕೆಂದೇ ಹಾಕಿದ್ದು. ಲೆನ್ಸಿನ ಮುಚ್ಚಳ ಅರ್ಧ ಮುಚ್ಚಿಕೊಂಡಿತ್ತು, ನಮ್ಮ ನಾಯಿ ಬೂಬುವಿನ ಬಾಲ ಬಿಟ್ಟರೆ ಏನೂ ಬಂದಿರಲಿಲ್ಲ. ಪೀ-ಯುನ್ ಅಭಿಪ್ರಾಯಗಳನ್ನು ಓದಿ ಹೇಳುತ್ತ ಹೋದಳು. “ಕತ್ತಲೆಯೊಳಗಿನ ಭರವಸೆ.” “ಬದುಕಿನ ಪಾಠ.” “ನಿಮಗೆ ನಮಸ್ಕಾರ.” ಅವಳೇ ತಡೆಯಲಾರದೆ “ಇದು ಬೂಬುವಿನ ಬಾಲ ಕಣ್ರೋ” ಎಂದಳು.

ಕೊರೆ ಒಂದು ಬರೆಯಬೇಕೆಂಬ ನಿಯಮ ನನಗೆ ಮಾತ್ರ ತೆಗೆದುಹಾಕಿದ್ದಾರೆ. ಕೊರೆ ಹೇಳುವವರಿಲ್ಲದಿದ್ದರೆ ಏನು ಬಂದಿದೆ ಏನು ಬಂದಿಲ್ಲ ಎಂದು ನನಗೆ ಗೊತ್ತಾಗುವುದು ಹೇಗೆ? ಈ ಇಡೀ ವರ್ಷ ನನಗೆ ಆಧಾರವಾಗಿದ್ದದ್ದು ನಿಮ್ಮ ಆ ಹಾಳು ಟೀಕೆಗಳು. “ಮುಖ ಸ್ಪಷ್ಟವಿಲ್ಲ” ಎಂದು ನೀವು ಬರೆದಾಗಲೇ ಮುಖ ಹೋಗಿದೆ ಎಂದು ನನಗೆ ತಿಳಿದದ್ದು. ನನಗೆ ಕಂಡಿರಲಿಲ್ಲ, ಪೀ-ಯುನ್ ಹೇಳಿರಲಿಲ್ಲ.

ಈಗ ನೀವೂ “ಭಾವಪೂರ್ಣ” ಎಂದು ಬರೆದಿದ್ದೀರಿ. ಬಾಲಕ್ಕೆ.

ವೂ-ಶಾನ್


ತೈಚುಂಗ್
ನವೆಂಬರ್ 27, 2023

ತಮ್ಮ ವೂ-ಶಾನ್,

ನಿನ್ನೆ ಸಂಜೆ ‘ಸೇತುವೆ’ ವಿಷಯಕ್ಕೆ ನೀನು ಹಾಕಿದ ಫೋಟೊದ ಕೆಳಗೆ ನಾನು ಬರೆದದ್ದನ್ನು ಇಲ್ಲಿ ದೊಡ್ಡ ಅಕ್ಷರದಲ್ಲಿ ಮತ್ತೆ ಬರೆಯುತ್ತೇನೆ, ಓದಿ ಹೇಳುವಾಗ ಪೀ-ಯುನ್ ನಡುವೆ ಏನಾದರೂ ನುಂಗಿರಬಹುದು.

“ಮೆಚ್ಚಿದ್ದು: ನೀರಿನ ಮೇಲೆ ಬಿದ್ದ ಸೇತುವೆಯ ನೆರಳನ್ನು ತೆಗೆದಿದ್ದೀರಿ, ಸೇತುವೆಯನ್ನಲ್ಲ. ನನಗೆ ಹೊಳೆಯುತ್ತಿರಲಿಲ್ಲ. ಕೊರೆ: ಬಲಗಡೆ ಕಸದ ತೊಟ್ಟಿ ಇದೆ, ಅದು ಇಡೀ ಚಿತ್ರವನ್ನು ತಿನ್ನುತ್ತಿದೆ. ಫೋಟೊ ವಾಲಿದೆ, ಈ ಸಲ ಗೂಡಿನ ನೆಪ ಇಲ್ಲ. ಹಿಂದೆ ಹಾಕಿದ ಆ ಬಾಲದ್ದು ಫೋಟೊನೇ ಅಲ್ಲ, ಅದನ್ನು ಹೊಗಳಿದವರಲ್ಲಿ ನಾನೂ ಒಬ್ಬ, ನಾಚಿಕೆಯಾಗುತ್ತದೆ.”

ಅರ್ಧ ಗಂಟೆಯಲ್ಲಿ ಇಡೀ ಕೂಟ ನನ್ನ ಮೇಲೆ ಬಿತ್ತು. ಕಲ್ಲೆದೆಯವನಂತೆ. ಶ್ರೀಮತಿ ಕೋ “ನಿಮ್ಮಂಥವರಿಗೆ ಅರಿವಳಿಕೆ ಇಲ್ಲದೆ ಹಲ್ಲು ಕೀಳಬೇಕು” ಎಂದು ಬರೆದರು. ನನ್ನ ಒಂದು ದವಡೆ ಹಲ್ಲು ಅವರ ಹತ್ತಿರವೇ ಕೀಳಿಸಬೇಕೆಂದಿದ್ದೆ, ಈಗ ಬೇರೆಯವರನ್ನು ಹುಡುಕುತ್ತಿದ್ದೇನೆ.

ನನ್ನ ಅಂಗಡಿಯ ಫೋಟೊ ಬಗ್ಗೆ ನೀನು ಹಿಂದೆ ಕೇಳಿದ್ದಕ್ಕೆ ಉತ್ತರ. ಮೇಲಿನ ಸಾಲಿನಲ್ಲಿ ನೇತು ಹಾಕಿರುವುದು ತಗಡಿನ ಸೀಮೆಎಣ್ಣೆ ದೀಪಗಳು, ಎರಡು ಗರಗಸ, ಒಂದು ತಂತಿಬಲೆ. ಮುದುಕನ ಕೈಯಲ್ಲಿರುವುದು ಬಾಗಿಲ ಚಿಲಕ, ಅದನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಾನೆ.

ನೆರಳಿನ ಫೋಟೊ ನೋಡಿ ನನಗೆ ರಾತ್ರಿ ಊಟ ಸೇರಲಿಲ್ಲ. ಇದು ಕರುಣೆಯಿಂದ ಬರೆಯುತ್ತಿರುವುದಲ್ಲ.

ಚಿಂಗ್-ಯುವಾನ್


ತೈಚುಂಗ್
ಡಿಸೆಂಬರ್ 18, 2023

ತಮ್ಮ ವೂ-ಶಾನ್‌ಗೆ,

ನೀವು ಸುಖವಾಗಿ ಊರು ಸೇರಿದ ಸುದ್ದಿ ಅಕ್ಕತಂಗಿಯರಿಂದ ತಿಳಿಯಿತು. ಇಬ್ಬರೂ ಪ್ರದರ್ಶನದ ದಿನ ಅಪ್ಪಿಕೊಂಡು ಅತ್ತಿದ್ದೇ ಬಂತು, ಅಂದಿನಿಂದ ಫೋನು ಅವರದ್ದೇ ಆಗಿದೆ.

ನಿನ್ನನ್ನು ಕೈಹಿಡಿದು ಗೋಡೆಯಿಂದ ಗೋಡೆಗೆ ಕರೆದುಕೊಂಡು ಹೋಗಿ ಒಂದೊಂದು ಫೋಟೊ ಹೇಗಿದೆ ಎಂದು ಹೇಳಿದ್ದು ನನಗೆ ಬೇಸರದ ಕೆಲಸವಾಗಲಿಲ್ಲ. ಪ್ರದರ್ಶನದ ವಿಷಯದಲ್ಲಿ ನೀನು ಕೇಳಿದ್ದಕ್ಕೆಲ್ಲ ಇದ್ದದ್ದು ಇದ್ದ ಹಾಗೆ ಹೇಳಿದ್ದೇನೆ. ನಿನ್ನ ಸ್ಟೇಷನ್ನಿನ ಫೋಟೊದ ಮುಂದೆ ಎಷ್ಟು ಜನ ಇದ್ದಾರೆ ಎಂದು ಕೇಳಿದೆ. ನಾಲ್ಕೈದು ಮಂದಿ ಎಂದೆ. ಬಾಗಿಲ ಎದುರಿನ ಗೋಡೆಗೆ ಅದೇನೂ ಹೆಚ್ಚಲ್ಲ, ಬಂದವರು ಅಲ್ಲಿ ನಿಂತೇ ಕೊಡೆ ಮಡಿಸುತ್ತಾರೆ.

ನನ್ನ ಅಂಗಡಿಯನ್ನು ಕುಡಿಯುವ ನೀರಿನ ಯಂತ್ರದ ಪಕ್ಕ ಹಾಕಿದ್ದರು. ಅಲ್ಲಿಯೂ ಜನ ಇದ್ದರು. ಬಾಯಾರಿಕೆಯವರು.

ಚಿಂಗ್-ಯುವಾನ್


ತೈತುಂಗ್
ಡಿಸೆಂಬರ್ 29, 2023

ಅಣ್ಣನಿಗೆ,

ಸೀತಾಫಲದ ಪೆಟ್ಟಿಗೆ ಕಳಿಸಿದ್ದೇನೆ. ಹಣ್ಣಾಗಲು ಬಿಡಿ, ಮೊದಲೇ ಒತ್ತಿ ಒತ್ತಿ ನೋಡಬೇಡಿ.

ನನಗೆ ಮಂದವಾಗಿರುವುದು ಕಣ್ಣು, ಕಿವಿಯಲ್ಲ. ನೀವು ನಾಲ್ಕೈದು ಮಂದಿ ಎಂದಾಗ ನನ್ನ ಬೆನ್ನಿಗೆ ಒಬ್ಬರು, ಭುಜಕ್ಕೆ ಒಬ್ಬರು ತಾಗುತ್ತಿದ್ದರು. ಹಿಂದಿನಿಂದ ಯಾರೋ “ಸ್ವಲ್ಪ ಸರೀರಿ, ನಮಗೂ ಕಾಣಲಿ” ಎಂದರು. ನೀವು ಜೋರಾಗಿ ಕೆಮ್ಮಿ ಆ ಮಾತು ಮುಚ್ಚಲು ನೋಡಿದಿರಿ. ನನಗೆ ನಗು ತಡೆಯಲಾಗಲಿಲ್ಲ. ಕೆಮ್ಮಿಗೆ ಜೇನು ಕುಡಿಯಿರಿ ಎಂದದ್ದು ಅದಕ್ಕೇ.

ನೀವು ಹೇಳದ್ದನ್ನು ನಾನು ಹೇಳಿದೆ. ಈಗ ನಾನು ಹೇಳದೆ ಇಟ್ಟುಕೊಂಡದ್ದು.

ನೀವು ಟೀಚರ್ ಹತ್ತಿರ ಮಾತಾಡಲು ಹೋದಾಗ ಪೀ-ಯುನ್ ನನ್ನನ್ನು ನೀರಿನ ಯಂತ್ರದ ಹತ್ತಿರ ನಿಲ್ಲಿಸಿ ಅಕ್ಕನ ಕಡೆ ಹೋದಳು. ನಿಮ್ಮ ಫೋಟೊದ ಮುಂದೆ ಒಬ್ಬ ತಾಯಿ ಇದ್ದಳು, ಕಂಕುಳಲ್ಲಿ ಪುಟ್ಟ ಮಗಳು. ಮಗು ಬೆರಳಿಟ್ಟು ಇದೇನು ಎನ್ನುತ್ತಿತ್ತು, ತಾಯಿ ಹೇಳುತ್ತಿದ್ದಳು. ಸುತ್ತಿಗೆ. ಬೀಗ. ಬಾವಿಯ ರಾಟೆ. ಹಗ್ಗದ ಸುರುಳಿ. ಅದು ಅಜ್ಜನ ಕನ್ನಡಕ. ಅಗೋ, ಬಿಸಿಲು. ಮಗುವಿಗೆ ಸಾಕಾಗಲಿಲ್ಲ, ತಾಯಿಯೂ ಬಿಡಲಿಲ್ಲ. ಬಾಯಾರಿದವರು ಹಿಂದೆ ಲೋಟ ಹಿಡಿದು ಕಾಯುತ್ತಿದ್ದರು, ಅವಳು ಸರಿಯಲಿಲ್ಲ. ನಾನು ಅವಳ ಹಿಂದೆ ನಿಂತು ಆ ಅಂಗಡಿಯನ್ನು ಮೊದಲಿಂದ ಕೊನೆವರೆಗೂ ಒಟ್ಟಿಗೆ ನೋಡಿದೆ.

ಅಣ್ಣ, ಅದು ನನ್ನದಕ್ಕಿಂತ ಒಳ್ಳೆಯ ಫೋಟೊ. ಪೀ-ಯುನ್‌ಗೂ ಹೇಳಿಲ್ಲ. ನೀವೂ ಯಾರಿಗೂ ಹೇಳಬೇಡಿ.

ನಿಮ್ಮ ತಮ್ಮ,
ವೂ-ಶಾನ್